ತಾತನ ಬೀರುವಲ್ಲಿ ಅಂಗೈಯಷ್ಟು ಪಿಸ್ತೂಲು ಸಿಕ್ತು, ಇಟ್ಕೋಬಹುದಾ?

ಗವಿಪುರದ_ಮೊಮ್ಮಗ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ. ನಮ್ ತಾತ ಹೋಗಿ ಎಂಟು ತಿಂಗ್ಳಾಯ್ತು, 91 ಆಗಿತ್ತು. ಹೋದ್ ಭಾನುವಾರ ಅವ್ರ ರೂಮ್ ಖಾಲಿ ಮಾಡೋಣ ಅಂತ ಬೀರು ತೆಗೆದ್ರೆ ಪಂಚೆಗಳ ಕೆಳಗೆ ಒಂದು ಹಳೇ ಬಿಸ್ಕೆಟ್ ಡಬ್ಬಿ, ಅದ್ರೊಳಗೆ ನುಸಿಗುಳಿಗೆ, ಒಂದು ಚರ್ಮದ ಚೀಲ, ಚೀಲದೊಳಗೆ ಪಿಸ್ತೂಲು. ಇದೆ ಅನ್ನೋದು ಮನೇಲಿ ಎಲ್ರಿಗೂ ಗೊತ್ತಿತ್ತು, ಆಯುಧಪೂಜೆ ದಿನ ಈಳಿಗೆಮಣೆ, ಹೊಲಿಗೆ ಮಿಷನ್ನು, ಸ್ಕೂಟರ್ ಕೀ ಪಕ್ಕದಲ್ಲಿ ಅದೂ ಕೂತಿರೋದು, ಅಜ್ಜಿ ಕುಂಕುಮ ಇಡೋರು, ಸಂಜೆ ಹೊತ್ತಿಗೆ ಮಾಯ. ಎಲ್ಲಿಡ್ತಾರೆ ಅಂತ ಮಾತ್ರ ತಾತ ಯಾರಿಗೂ ಹೇಳಿರ್ಲಿಲ್ಲ.

ಅವ್ರು ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ರು. ಶನಿವಾರ ಬಟವಾಡೆ, ಅದಕ್ಕೆ ಶುಕ್ರವಾರ ಬ್ಯಾಂಕಿಂದ ದುಡ್ಡು ಬಿಡಿಸ್ಕೊಂಡು ಜೀಪಲ್ಲಿ ತರ್ಬೇಕಿತ್ತು, ಆ ಕಾಲಕ್ಕೆ ಸಾಹುಕಾರ್ರು ತಮ್ಮ ಹಳೇ ಪಿಸ್ತೂಲನ್ನ ಇವ್ರ ಹೆಸ್ರಿಗೆ ಲೈಸೆನ್ಸ್ ಮಾಡಿಸಿ ಕೊಟ್ರಂತೆ. ಬೆಂಗ್ಳೂರಿಗೆ ಬಂದ್ಮೇಲೆ ಲೈಸೆನ್ಸೂ ಇಲ್ಲಿಗೆ ಬಂತು. ಒಂದ್ಸಲನೂ ಹೊಡೆದಿಲ್ಲ ಅಂತ ಅವ್ರೇ ಹೇಳೋರು, ಒಂದು ಕಾಡುಹಂದಿಗೆ ತೋರ್ಸಿದ್ರಂತೆ, ಅದು ನೋಡಿ ಹೋಯ್ತಂತೆ.

ಸೈಜ್ ಅಂದ್ರೆ ನನ್ ಅಂಗೈ ಮೇಲೆ ಪೂರ್ತಿ ಕೂರತ್ತೆ, ಆದ್ರೂ ತೂಕ ಇದೆ. ಮೇಲೆ ಫ್ಯಾಬ್ರಿಕ್ ನ್ಯಾಸಿಯೊನಾಲ್, ಹೆರ್ಸ್ತಾಲ್, ಬೆಲ್ಜಿಕ್ ಅಂತೆಲ್ಲ ಕೆತ್ತಿದೆ. ಹಿಡಿ ಎರಡೂ ಕಡೆ ಕಪ್ಪು ರಬ್ಬರ್ ಥರ, ಎಫ್ ಎನ್ ಅಂತ ಹೆಣೆದಿರೋ ಅಕ್ಷರ. ಹಿಡಿ ಹಿಂಭಾಗದಲ್ಲಿ ಒತ್ತಿದ್ರೆ ಒಳಗೆ ಹೋಗೋ ಒಂದು ತಗಡು. ಸ್ಲೈಡ್ (ಮೇಲೆ ಹಿಂದೆಮುಂದೆ ಜಾರೋ ಭಾಗ) ಮೇಲೆ ಒಂದು ರೂಪಾಯಿ ಅಗಲಕ್ಕೆ ಕೆಂಪು ಕಲೆ, ಅಜ್ಜಿ ಕುಂಕುಮದ್ದೇ ಇರ್ಬೇಕು.

ಪ್ರಶ್ನೆ ಏನಂದ್ರೆ, ಲೈಸೆನ್ಸ್ ಪುಸ್ತಕದಲ್ಲಿ ಇನ್ನೂ ಎರಡು ವರ್ಷ ಟೈಮಿದೆ, ಅಲ್ಲೀವರ್ಗೂ ಮನೇಲಿ ಇಟ್ಕೊಂಡ್ರೆ ತೊಂದ್ರೆ ಇಲ್ಲ ಅಲ್ವಾ? ಅಪ್ಪ ಅಂತೂ ಅದನ್ನ ಮುಟ್ಟೋಕೂ ತಯಾರಿಲ್ಲ, ರಾತ್ರಿ ಹೋಗಿ ಕೆಂಪಾಂಬುಧಿ ಕೆರೆಗೆ ಎಸೆದ್ಬಿಡು ಅಂತಾರೆ. ನಂಗೆ ಇಟ್ಕೋಬೇಕು ಅಂತ ಆಸೆ. ಸೇಫ್ ಇದೆ, ಗುಂಡು ತುಂಬೋ ಮ್ಯಾಗಜೀನ್ ಹೊರಗೆ ತೆಗ್ದಿಟ್ಟಿದೀನಿ, ಅದ್ರಲ್ಲಿ ಐದು ಗುಂಡಿದ್ವು, ಹಸಿರು ಹಿಡಿದಿವೆ. ಕೊಬ್ರಿ ಎಣ್ಣೆ ಹಾಕಿ ಒರೆಸ್ಲಾ?

ಸುಮ್ನೆ_ಓದ್ಕೊಂಡೋಗೋನು

ಬಾಸ್ ಕೆರೆಗೆ ಎಸೀಬೇಡಿ, ಮುಂದಿನ ಬೇಸಿಗೇಲಿ ಹೂಳೆತ್ತುವಾಗ ಸಿಕ್ಕಿ ಟಿವೀಲಿ ಮೂರು ದಿನ ಓಡತ್ತೆ 😂

ಕರಿಕೋಟು

ವಕೀಲ್ರ ಕೆಲ್ಸ ಮಾಡೋನು ನಾನು, ಅದಕ್ಕೆ ನೇರವಾಗಿ ಹೇಳ್ತೀನಿ. ತೊಂದ್ರೆ ಇದೆ. ಲೈಸೆನ್ಸ್ ಅನ್ನೋದು ಮನುಷ್ಯನಿಗೆ ಕೊಡೋದು, ಮನೆಗಲ್ಲ, ಪಿಸ್ತೂಲಿಗೂ ಅಲ್ಲ. ನಿಮ್ ತಾತ ಹೋದ ದಿನಾನೇ ಆ ಎರಡು ವರ್ಷಕ್ಕೆ ಅರ್ಥ ಹೋಯ್ತು. ಈಗ ಕಾನೂನು ಪ್ರಕಾರ ಅದು ಲೈಸೆನ್ಸ್ ಇಲ್ದೋರ ಕೈಲಿರೋ ಬಂದೂಕು, 1959ರ ಆರ್ಮ್ಸ್ ಆಕ್ಟಲ್ಲಿ ಅದಕ್ಕೆ 2019ರ ತಿದ್ದುಪಡಿ ಆದ್ಮೇಲೆ ಕಡಿಮೆ ಅಂದ್ರೆ ಎರಡು ವರ್ಷ, ಜಾಸ್ತಿ ಅಂದ್ರೆ ಐದು ವರ್ಷ ಜೈಲು. ಹೆದರ್ಸೋಕೆ ಹೇಳ್ತಿಲ್ಲ, ಸಾವಾಗಿರೋ ಮನೇಲಿ ನಾಲ್ಕು ತಿಂಗ್ಳು ತಡ ಆದ್ರೆ ಯಾರೂ ಕೋಳ ಹಿಡ್ಕೊಂಡು ಬರಲ್ಲ, ಆದ್ರೆ ಗೊತ್ತಾದ್ಮೇಲೂ ಇಟ್ಕೊಂಡು ಕೂತ್ರೆ ಆ ಮಾತು ನಡಿಯಲ್ಲ.

ಇದಕ್ಕೆ ಅಂತಾನೇ ಸೆಕ್ಷನ್ 21 ಇದೆ. ತಡ ಮಾಡ್ದೆ ಹತ್ರದ ಪೊಲೀಸ್ ಸ್ಟೇಷನ್ನಲ್ಲೋ ಲೈಸೆನ್ಸ್ ಇರೋ ಬಂದೂಕು ಅಂಗಡೀಲೋ ಡೆಪಾಸಿಟ್ ಮಾಡಿ. ಡೆಪಾಸಿಟ್ ಅಂದ ತಕ್ಷಣ ಹೋಯ್ತು ಅಂತ ಅಲ್ಲ, ವಾರಸುದಾರರಿಗೆ ಎರಡು ಹಕ್ಕು ಉಳಿಯತ್ತೆ, ನಿಮಗೆ ಲೈಸೆನ್ಸ್ ಸಿಕ್ರೆ ವಾಪಸ್ ತಗೋಬಹುದು, ಇಲ್ಲಾಂದ್ರೆ ಲೈಸೆನ್ಸ್ ಇರೋರಿಗೆ ಮಾರಬಹುದು. ಎರಡೂ ಮಾಡ್ದೆ ಮರ್ತು ಕೂತ್ರೆ ಸರ್ಕಾರಕ್ಕೆ ಹೋಗತ್ತೆ. ಇನ್ನೊಂದು ಮಾತು, ಡಬ್ಬಿ ಎತ್ಕೊಂಡು ಆಟೋದಲ್ಲಿ ಸ್ಟೇಷನ್ನಿಗೆ ಹೋಗ್ಬೇಡಿ ದಯವಿಟ್ಟು. ಮೊದ್ಲು ಬರೀ ಕಾಗದ ತಗೊಂಡು ಹೋಗಿ, ಲೈಸೆನ್ಸ್ ಜೆರಾಕ್ಸ್, ಮರಣ ಪ್ರಮಾಣ ಪತ್ರ, ಒಂದು ಅರ್ಜಿ, ಅದ್ರ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಯಾವಾಗ ಯಾರು ತರ್ಬೇಕು ಅಂತ ಅವ್ರ ಬಾಯಿಂದಾನೇ ಬರ್ಲಿ.

ಲೈಸೆನ್ಸ್ ಬೇಕು ಅಂದ್ರೆ 2016ರ ನಿಯಮಗಳಲ್ಲಿ ವಾರಸುದಾರರಿಗೆ ಅಂತ 25ನೇ ನಿಯಮ ಇದೆ. ಅರ್ಜಿ ಹೋಗೋದು ಕಮಿಷನರ್ ಆಫೀಸಿಗೆ, ಇನ್‌ಫೆಂಟ್ರಿ ರೋಡ್ (ಜಿಲ್ಲೆಗಳಲ್ಲಾದ್ರೆ ಡಿಸಿ). ಬಂದೂಕು ತರಬೇತಿ ಸರ್ಟಿಫಿಕೇಟು, ಮೆಡಿಕಲ್ಲು, ವಂಶವೃಕ್ಷ, ಬಾಕಿ ವಾರಸುದಾರರೆಲ್ಲ ನಮ್ದೇನೂ ತಕರಾರಿಲ್ಲ ಅಂತ ಛಾಪಾ ಕಾಗದದ ಮೇಲೆ ಸಹಿ. ಅಂದಹಾಗೆ ಇದೇ ನಿಯಮದಲ್ಲಿ ಲೈಸೆನ್ಸ್ ಇರೋರು 70 ದಾಟಿದ್ರೆ, ಇಲ್ಲ 25 ವರ್ಷ ಇಟ್ಕೊಂಡಿದ್ರೆ, ಬದುಕಿದ್ದಾಗ್ಲೇ ಮಕ್ಳಿಗೋ ಮೊಮ್ಮಕ್ಳಿಗೋ ಮಾಡ್ಕೊಡೋಕೆ ದಾರಿ ಇದೆ. ತಾತನ ಹತ್ರಾನೇ ಕೂತ್ಕೊಂಡು ಅರ್ಜಿ ಬರೆಸ್ಬಹುದಿತ್ತು. ಯಾರೂ ಮಾಡ್ಸಲ್ಲ. ಬದುಕಿರೋ ಅಪ್ಪನ ಹತ್ರ ಆ ಮಾತು ತೆಗೆಯೋದು ಹೇಗೆ ಅಂತ ಎಲ್ರಿಗೂ ಸಂಕೋಚ, ಆಮೇಲೆ ನಮ್ಮ ಹತ್ರ ಬರ್ತಾರೆ.

ಸ್ಪ್ರಿಂಗ್_ಸುಬ್ಬಣ್ಣ

ಕರಿಕೋಟು ಸಾರ್ ಹೇಳಿದ್ದು ಮಾಡಿ, ಅದ್ರ ಬಗ್ಗೆ ನಂದೇನಿಲ್ಲ. ಆದ್ರೆ ಅದಕ್ಕಿಂತ ಮೊದ್ಲು ಒಂದು. ನೀವು ಬರ್ದಿದ್ದು ಓದಿ ನನ್ ಕಾಫಿ ಆರೋಯ್ತು. ಇದ್ರ ಮ್ಯಾಗಜೀನಿಗೆ ಹಿಡಿಯೋದು ಆರು ಗುಂಡು. ನಿಮಗೆ ಸಿಕ್ಕಿದ್ದು ಐದು. ಆರನೇದು ಎಲ್ಲಿ?

ಯಾಕೆ ಕೇಳ್ತಿದೀನಿ ಅಂದ್ರೆ, ಆರು ತುಂಬಿ ಸ್ಲೈಡ್ ಎಳೆದು ಬಿಟ್ರೆ ಒಂದು ಗುಂಡು ಮೇಲೆ ನಳಿಗೆ ಹಿಂಬದಿಗೆ ಹೋಗಿ ಕೂರತ್ತೆ, ಮ್ಯಾಗಜೀನಲ್ಲಿ ಐದು ಉಳಿಯತ್ತೆ. ಆಮೇಲೆ ಮ್ಯಾಗಜೀನ್ ತೆಗೆದ್ರೂ ಒಳಗಿರೋದು ಅಲ್ಲೇ ಇರತ್ತೆ. ಜನ ಸಾಯೋದು ಇಲ್ಲೇ, ಮ್ಯಾಗಜೀನ್ ತೆಗ್ದೆ ಖಾಲಿ ಆಯ್ತು ಅಂತ. ರಿವಾಲ್ವರ್ ಆದ್ರೆ ಹಿಂದೆ ಕುದುರೆ, ಅಂದ್ರೆ ಬಡಿಯೋ ಸುತ್ತಿಗೆ, ಕಾಣತ್ತೆ, ಎತ್ತಿದ್ಯೋ ಇಳಿದಿದ್ಯೋ ನೋಡಿದ್ರೆ ಗೊತ್ತಾಗತ್ತೆ. ಇದ್ರಲ್ಲಿ ಕುದುರೆನೇ ಇಲ್ಲ, ಒಳಗೆ ಸ್ಪ್ರಿಂಗ್ ಹಾಕಿರೋ ಒಂದು ಸೂಜಿ ಅಷ್ಟೇ. ತುಂಬಿದೆ ಅಂತ ಹೇಳೋ ಗುರುತು ಹೊರಗಡೆ ಯಾವ್ದೂ ಇಲ್ಲ. ನೂರು ವರ್ಷದ ಸ್ಪ್ರಿಂಗು, ನೂರು ವರ್ಷದ ಲಾಕು, ನೀವು ಅದನ್ನ ಅಂಗೈ ಮೇಲೆ ಇಟ್ಟು ಸೈಜ್ ನೋಡ್ತಿದೀರ!! ಈಗ ಡಬ್ಬೀಲಿ ಹಾಗೇ ಇಡಿ, ಬಾಯಿ ಗೋಡೆ ಕಡೆ ಇರ್ಲಿ, ಮನೇಲಿ ಮಕ್ಳಿದ್ರೆ ಬೀರುಗೆ ಬೀಗ, ಯೂಟ್ಯೂಬ್ ನೋಡ್ಕೊಂಡು ಸ್ಲೈಡ್ ಎಳೆಯೋ ಸಾಹಸ ಬೇಡ, ಬಲ್ಲವರ ಕೈಗೆ ಹೋಗೋವರ್ಗೂ ಮುಟ್ಬೇಡಿ.

ಈಗ ಸಮಾಧಾನವಾಗಿ ಹೇಳ್ತೀನಿ. ಇದು ಬ್ರೌನಿಂಗ್ 1906, ಕೆಲವ್ರು 1905 ಅಂತಾರೆ, ಎರಡೂ ಅದೇ. ಜಾನ್ ಬ್ರೌನಿಂಗ್ ಅಂತ ಅಮೆರಿಕದ ಯೂಟಾ ಕಡೆಯವ್ನು ಡಿಸೈನ್ ಮಾಡಿದ್ದು, ತಯಾರಾಗಿದ್ದು ಬೆಲ್ಜಿಯಂನ ಲಿಯೇಜ್ ಪಕ್ಕ ಹೆರ್ಸ್ತಾಲ್ ಅನ್ನೋ ಊರಿನ ಎಫ್ ಎನ್ ಫ್ಯಾಕ್ಟರಿಲಿ. ಆ ಮನುಷ್ಯ ಸತ್ತಿದ್ದೂ 1926ರಲ್ಲಿ ಅದೇ ಫ್ಯಾಕ್ಟರಿಲಿ, ಕೆಲ್ಸದ ಮಧ್ಯೆ. ಇದನ್ನೇ ಕೋಲ್ಟ್ ಕಂಪ್ನಿ 1908ರಿಂದ ಅಮೆರಿಕದಲ್ಲಿ ಮಾಡ್ತು, ಅದ್ರ ಮೇಲೆ ಕುದುರೆಮರಿ ಚಿತ್ರ ಇರತ್ತೆ. 1931ರಲ್ಲಿ ಇನ್ನೂ ಚಿಕ್ಕದು ಬಂತು, ಬೇಬಿ ಬ್ರೌನಿಂಗ್, ಅದ್ರಲ್ಲಿ ನೀವು ಹೇಳಿದ ಹಿಡಿ ಹಿಂದಿನ ತಗಡು ಇಲ್ಲ. ಆ ತಗಡು ಗ್ರಿಪ್ ಸೇಫ್ಟಿ, ಮುಷ್ಟೀಲಿ ಒತ್ತಿ ಹಿಡಿದ್ರೆ ಮಾತ್ರ ಗುಂಡು ಹಾರತ್ತೆ, ಜೇಬಲ್ಲಿ ಇಟ್ಕೊಳ್ಳೋರಿಗೆ ಅಂತ ಮಾಡಿದ್ದು. ಉದ್ದ 11 ಸೆಂಟಿಮೀಟರ್ ಚಿಲ್ಲರೆ, ತೂಕ ಮುನ್ನೂರೈವತ್ತು ಗ್ರಾಂ ಆಸುಪಾಸು, ಅರ್ಧ ಕೆಜಿ ಸಕ್ಕರೆಗಿಂತ ಕಡಿಮೆ.

ಬೋರು, ಅಂದ್ರೆ ನಳಿಗೆ ಒಳಗಿನ ಅಗಲ, .25 ಇಂಚು, ಯುರೋಪಲ್ಲಿ 6.35 ಎಂಎಂ ಅಂತಾರೆ. .22 ಗುಂಡು ಆಗ್ಲೇ ಇತ್ತಲ್ಲ, ಇನ್ನೊಂದು ಯಾಕೆ ಅಂತ ನಾನೂ ತುಂಬಾ ದಿನ ತಲೆ ಕೆಡಿಸ್ಕೊಂಡಿದ್ದೆ. .22ಕ್ಕೆ ಮದ್ದು ಹೊತ್ತೋದು ಅಂಚಲ್ಲಿ, ಅಂಚು ದಪ್ಪ ಇರೋದ್ರಿಂದ ಚಿಕ್ಕ ಮ್ಯಾಗಜೀನಲ್ಲಿ ಒಂದಕ್ಕೊಂದು ಸಿಕ್ಕಾಕೊಳ್ಳತ್ತೆ, ಕೆಲವೊಮ್ಮೆ ಹೊತ್ತೋದೂ ಇಲ್ಲ. ಬ್ರೌನಿಂಗು ಮಧ್ಯದಲ್ಲಿ ಕ್ಯಾಪ್ ಇರೋ ಗುಂಡು ಮಾಡ್ದ, ಬಲ ಹೆಚ್ಚಿಸೋಕಲ್ಲ, ಕೈ ಕೊಡಬಾರ್ದು ಅಂತ. ಬಲ ಅಂತೂ ಪಾಪದ್ದು, ಮೂರು ಗ್ರಾಂ ಚಿಲ್ಲರೆ ಸೀಸ, ರೈಫಲ್ಲಿಂದ ಹೊಡೆದ .22 ಇದಕ್ಕಿಂತ ಜೋರು. ನಿಮ್ ತಾತನ ಕಾಡುಹಂದಿ ಬುದ್ಧಿವಂತ ಪ್ರಾಣಿ. ಹಾಗಂತ ಆಟಿಕೆ ಅಲ್ಲ, ಹತ್ರದಿಂದ ಮನುಷ್ಯನ ಜೀವ ತೆಗಿಯೋಕೆ ಅಷ್ಟು ಸಾಕು.

ಅಪರೂಪದ್ದಾ ಅಂತ ಕೇಳ್ತೀರ, ಅಲ್ಲ. ಹತ್ತು ಲಕ್ಷಕ್ಕೂ ಮೇಲೆ ಮಾಡಿದಾರೆ, ಅದು ಸಾಲ್ದು ಅಂತ ಸ್ಪೇನಿನ ಐಬಾರ್ ಊರಲ್ಲಿ ಮನೆಮನೇಲೂ ನಕಲು ಮಾಡಿದ್ರು. ಅಸಲಿ ಆದ್ರೆ ನಳಿಗೆ ಹತ್ರ ಚಿಕ್ಕದಾಗಿ ಮೊಟ್ಟೆ ಆಕಾರದೊಳಗೆ ಇ ಎಲ್ ಜಿ ಅಕ್ಷರ, ಮೇಲೆ ಕಿರೀಟ, ಅದು ಲಿಯೇಜ್ ಪರೀಕ್ಷೆ ಮುದ್ರೆ. ಅದನ್ನ ಡೆಪಾಸಿಟ್ ಮಾಡುವಾಗ ಅಂಗಡಿಯವ್ರ ಕೈಲಿ ನೋಡ್ಸಿ.

ಎಣ್ಣೆ ವಿಷ್ಯ. ಕೊಬ್ರಿ ಎಣ್ಣೆ ಬೇಡವೇ ಬೇಡ, ಚಳಿಗೆ ಒಳಗೆಲ್ಲ ಹೆಪ್ಪುಗಟ್ಟತ್ತೆ, ಚಳಿಗಾಲದಲ್ಲಿ ಬಾಟ್ಲಲ್ಲಿ ಗಟ್ಟಿ ಆಗೋದು ನೋಡಿದೀರಲ್ಲ ಹಾಗೆ. ಮುಂದೆ ನಿಮ್ ಕೈಗೆ ಬಂದ್ರೆ ಗನ್ ಆಯಿಲ್, ಗತಿ ಇಲ್ಲಾಂದ್ರೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ. ಚರ್ಮದ ಚೀಲದಲ್ಲಿ ಮಾತ್ರ ವಾಪಸ್ ಹಾಕ್ಬೇಡಿ, ಚರ್ಮ ಹದ ಮಾಡೋಕೆ ಬಳಸಿದ್ದು ಅದ್ರಲ್ಲೇ ಇರತ್ತೆ, ತೇವಾನೂ ಹೀರ್ಕೊಳ್ಳತ್ತೆ, ಕಬ್ಬಿಣಾನ ನಿಧಾನಕ್ಕೆ ತಿನ್ನತ್ತೆ. ಕುಂಕುಮದ ಕಲೆ ತೆಗಿಸೋಕೆ, ಹೊಸದಾಗಿ ಬಣ್ಣ ಏರಿಸೋಕೆ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ. ಹಾಗೇ ಇರ್ಲಿ.

ಗವಿಪುರದ_ಮೊಮ್ಮಗ

ಸುಬ್ಬಣ್ಣ ಸಾರ್ ನಿಜವಾಗ್ಲೂ ಕೈಕಾಲು ತಣ್ಣಗಾಯ್ತು. ನಿನ್ನೆ ಟ್ರಿಗರ್ ಎಳೆದು ನೋಡೋಣ ಅಂತ ಬೆರಳು ಇಟ್ಟಿದ್ದೆ, ಗಟ್ಟಿ ಇದೆ ತುಕ್ಕು ಹಿಡಿದಿರ್ಬೇಕು ಅಂತ ಬಿಟ್ಟೆ. ಬೀರುಗೆ ಬೀಗ ಹಾಕಿ ಕೀ ಅಪ್ಪನ ಹತ್ರ ಕೊಟ್ಟಿದೀನಿ. ವಾರಸುದಾರರ ಸಹಿ ಅಂದ್ರಲ್ಲ ಕರಿಕೋಟು ಸಾರ್, ಇಬ್ರು ದೊಡ್ಡಪ್ಪಂದಿರು ಇಲ್ಲೇ ಇದಾರೆ, ಒಬ್ರು ಅತ್ತೆ ನ್ಯೂಜೆರ್ಸಿಲಿ, ಸೈಟ್ ವಿಷ್ಯಕ್ಕೆ ಮಾತು ಬಿಟ್ಟಿದಾರೆ. ಅವ್ರದ್ದೂ ಬೇಕಾ?

ಕರಿಕೋಟು

ಬೇಕು. ಕೇಸ್ ನಡೆಯೋದು ಕಾನೂನಿಂದ ಅಲ್ಲ ಸ್ವಾಮಿ, ಅತ್ತೆಯಿಂದ.

ತಗಡು_ತಿಮ್ಮ

ಇಷ್ಟೆಲ್ಲ ಯಾಕೆ ಗುರು, ನಮ್ ಕಾಮಾಕ್ಷಿಪಾಳ್ಯದಲ್ಲಿ ನೂರು ರೂಪಾಯಿ ಕೊಟ್ರೆ ನಳಿಗೆಗೆ ವೆಲ್ಡಿಂಗ್ ಹೊಡೆದು ಕೊಡ್ತಾರೆ, ಷೋಕೇಸಲ್ಲಿಡು, ಮುಗೀತು

ಕರಿಕೋಟು

ತಿಮ್ಮಣ್ಣ ಹಾಗೆ ಮುಗಿಯಲ್ಲ. ಸೆಕ್ಷನ್ 45ರಲ್ಲಿ ಹಳೇ ಕಾಲದ್ದು, ಕೆಟ್ಟೋಗಿರೋದಕ್ಕೆ ವಿನಾಯಿತಿ ಇರೋದು ನಿಜ, ಆದ್ರೆ ರಿಪೇರಿ ಮಾಡಿದ್ರೂ ಕೆಲ್ಸಕ್ಕೆ ಬರಬಾರ್ದು ಅಂತ ಷರತ್ತಿದೆ. ನಳಿಗೆ ಒಂದಕ್ಕೆ ವೆಲ್ಡಿಂಗ್ ಹೊಡೆದ್ರೆ ನಳಿಗೆ ಬದ್ಲಾಯ್ಸಿದ್ರೆ ಆಯ್ತು. ಲೈಸೆನ್ಸ್ ಇಲ್ದೆ ಬಂದೂಕಿಗೆ ಕೈ ಹಾಕಿದ್ದಕ್ಕೆ ಪಾಪ ವೆಲ್ಡರ್ರೂ ಒಳಗೆ. ಅದೂ ಅಲ್ದೆ ಒಳಗೆ ಗುಂಡಿರಬಹುದು ಅಂತ ಈಗ ತಾನೆ ಸುಬ್ಬಣ್ಣ ಹೇಳಿದಾರೆ, ಅದ್ರ ಮೇಲೆ ವೆಲ್ಡಿಂಗಾ!

ಕೊಡಗಿನ_ಕಿತ್ತಳೆ

ಬಂದೂಕಿಗೆ ನಮ್ ಕೊಡಗಿನ ಕಡೆ ತೋಕ್ ಅಂತೀವಿ. ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಸತ್ರೆ ಎರಡು, ನಮ್ ಆಯುಧಗಳ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬರೋ ಜಮೀನು) ಹಿಡುವಳಿದಾರ್ರಿಗೂ ಲೈಸೆನ್ಸಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಈಗಿನ ಆದೇಶ 2029ರ ಅಕ್ಟೋಬರ್ 31ರವರೆಗೆ. ನಿಮಗೆ ಅದು ಬರಲ್ಲ, ಸುಮ್ನೆ ಹೇಳ್ದೆ. ಬೆಂಗ್ಳೂರಿನವ್ರು ಬಂದೂಕು ಅಂದ ತಕ್ಷಣ ಕಳ್ಳತನ ಮಾಡಿದ ಹಾಗೆ ನಡ್ಕೊಳ್ಳೋದು ನೋಡಿದ್ರೆ ನಗು ಬರತ್ತೆ. ಅದು ಮನೆ ಹಿರಿಯರ ವಸ್ತು, ಕಷ್ಟ ಆದ್ರೂ ಲೈಸೆನ್ಸ್ ಮಾಡ್ಸಿ ಉಳಿಸ್ಕೊಳ್ಳಿ. ಒಂದ್ಸಲ ಅಂಗಡಿಗೆ ಕೊಟ್ರೆ ಮತ್ತೆ ಸಿಗಲ್ಲ, 80ರ ದಶಕದ ಮಧ್ಯದಿಂದ ವಿದೇಶಿ ಪಿಸ್ತೂಲು ಖಾಸಗಿಯವ್ರಿಗೆ ಹೊರಗಿಂದ ಬರೋದೇ ಹೆಚ್ಚುಕಮ್ಮಿ ನಿಂತೋಗಿದೆ, ಇರೋದೇ ಕೈಯಿಂದ ಕೈಗೆ ಓಡಾಡ್ತಿರೋದು.

ಮಲ್ಲೇಶ್ವರದ_ಅಮ್ಮು

ಕಿತ್ತಳೆ ಅವ್ರು ಹೇಳೋದು ಕೇಳೋಕೆ ಚೆನ್ನಾಗಿದೆ, ನಾನು ಆ ದಾರೀಲಿ ಹೋಗಿ ಬಂದೋಳು. ನಮ್ ಅಪ್ಪಂದು .32 ರಿವಾಲ್ವರ್ರು. ಅಪ್ಪ ಹೋದ್ಮೇಲೆ ನಾನೇ ಲೈಸೆನ್ಸಿಗೆ ಹಾಕ್ತೀನಿ ಅಂತ ಹಟ ಮಾಡಿ ನಾಗರಿಕ ಬಂದೂಕು ತರಬೇತಿಗೂ ಹೋದೆ, ಅಲ್ಲಿ ನಾನೊಬ್ಳೇ ಚೂಡಿದಾರ್ ಹಾಕಿದ್ದೋಳು, ಇನ್ಸ್ಟ್ರಕ್ಟರ್ ಒಳ್ಳೇವ್ರು, ಚೆನ್ನಾಗಿ ಕಲಿಸಿದ್ರು. ವೆರಿಫಿಕೇಶನ್ನಿಗೆ ಬಂದ ಪೇದೆ ಅಮ್ಮನ ಹತ್ರ ಕಾಫಿ ಕುಡ್ದು, ಮೇಡಂ ನಿಮಗ್ಯಾಕೆ ಇದು, ಗಂಡನ ಹೆಸ್ರಿಗೆ ಹಾಕಿ ಅಂದ. ಗಂಡ ಯಾರು ಅಂತ ಅವ್ನೇ ಹುಡುಕಿ ಕೊಡ್ಬೇಕಿತ್ತು.

ಅಂತೂ ಲೈಸೆನ್ಸ್ ಸಿಕ್ತು. ಆಮೇಲೆ ಶುರು. ಪ್ರತಿ ಎಲೆಕ್ಷನ್ನಿಗೂ ಡೆಪಾಸಿಟ್ ಮಾಡಿ ಅಂತ ಸ್ಟೇಷನ್ನಿಂದ ಫೋನು, ಅಸೆಂಬ್ಲಿ ಒಂದ್ಸಲ, ಲೋಕಸಭೆ ಒಂದ್ಸಲ, ಆಫೀಸಿಗೆ ರಜಾ ಹಾಕಿ ಹೋಗಿ ಕೊಟ್ಟು, ಫಲಿತಾಂಶ ಆದ್ಮೇಲೆ ಮತ್ತೆ ರಜಾ ಹಾಕಿ ತರೋದು. ಅಕ್ಕನ ಮಗ ಬೇಸಿಗೆ ರಜಕ್ಕೆ ಬಂದ್ರೆ ನಂಗೆ ನಿದ್ದೆ ಇಲ್ಲ. ಬೀಗ ಹಾಕಿದೀನಾ, ಕೀ ಎಲ್ಲಿ, ರಾತ್ರಿ ಎರಡು ಗಂಟೆಗೆ ಎದ್ದು ನೋಡೋದು. ಮೂರನೇ ವರ್ಷ ಮಾರ್ಬಿಟ್ಟೆ. ಅಂಗಡಿಯವ್ನು ಮೊದ್ಲು ಒಂದು ರೇಟ್ ಹೇಳಿ, ಕಾಗದ ಎಲ್ಲ ಆದ್ಮೇಲೆ ನಳಿಗೆ ಸವೆದಿದೆ ಅಂತ ಇಳಿಸ್ದ, ಅಷ್ಟು ಹೊತ್ತಿಗೆ ನಂಗೂ ಸಾಕಾಗಿತ್ತು ಕೊಟ್ಟೆ. ಬೇಜಾರಾಯ್ತಾ ಅಂದ್ರೆ ಆಯ್ತು, ಆದ್ರೆ ಮನೆಗೆ ಬಂದು ಮಧ್ಯಾಹ್ನ ಮಲಗಿದೋಳು ರಾತ್ರಿ ಎಂಟಕ್ಕೆ ಎದ್ದೆ. ಚೀಲ ಮಾತ್ರ ಕೊಡ್ಲಿಲ್ಲ, ಅಪ್ಪನ ಸಿಗರೇಟ್ ವಾಸನೆ ಇನ್ನೂ ಇದೆ ಅದ್ರಲ್ಲಿ.

ಒಂದು ಕಿವಿಮಾತು, ಇಟ್ಕೊಳ್ತೀರೋ ಬಿಡ್ತೀರೋ ಅನ್ನೋದನ್ನ ಈಗ್ಲೇ ತೀರ್ಮಾನ ಮಾಡ್ಬೇಡಿ. ಡೆಪಾಸಿಟ್ ಮಾಡಿ ಆರು ತಿಂಗ್ಳು ಮನೇಲಿ ಇಲ್ದೆ ಇದ್ದು ನೋಡಿ.

ಸ್ಪ್ರಿಂಗ್_ಸುಬ್ಬಣ್ಣ

ಅಮ್ಮು ಅವ್ರ ಮಾತಿಗೆ ಒಂದು ಸೇರಿಸ್ತೀನಿ. .32 ಆದ್ರೆ ಗುಂಡು ನಮ್ಮ ದೇಶದಲ್ಲೇ ಸರ್ಕಾರಿ ಕಾರ್ಖಾನೇಲಿ ತಯಾರಾಗತ್ತೆ, ಅಂಗಡೀಲಿ ಸಿಗತ್ತೆ. .25ಕ್ಕೆ ನಾನು ಕೇಳಿದ ಕಡೆಯೆಲ್ಲ ಕೈ ಆಡಿಸಿದ್ರು, ಸಿಕ್ರೂ ಹಳೇ ವಿದೇಶಿ ಮಾಲು, ಒಂದೊಂದಕ್ಕೆ ಒಂದು ಮಸಾಲೆದೋಸೆ ಪಾರ್ಟಿ ಕೊಡಬಹುದು. ಅದಕ್ಕೇ ಕೊಳ್ಳೋರೂ .32 ಅಂದ್ರೆ ಓಡಿ ಬರ್ತಾರೆ, ಇದಕ್ಕೆ ಮುಖ ತಿರುಗಿಸ್ತಾರೆ. ಲಕ್ಷಗಟ್ಟಲೆ ಕನಸು ಕಟ್ಬೇಡಿ. ಇಟ್ಕೊಂಡ್ರೆ ತಾತನ ವಸ್ತು ಅಂತ ಇಟ್ಕೊಳ್ಳಿ, ರಕ್ಷಣೆಗೆ ಅಂತ ಅಲ್ಲ. ಕಳ್ಳ ಬಂದ್ರೆ ಅದೇ ಬಿಸ್ಕೆಟ್ ಡಬ್ಬಿ ಎಸೆದ್ರೆ ಹೆಚ್ಚು ಪೆಟ್ಟು.

ಗವಿಪುರದ_ಮೊಮ್ಮಗ

ಹದಿನೈದು ದಿನ ಆದ್ಮೇಲೆ ಬರೀತಿದೀನಿ, ಎಲ್ರೂ ಕೇಳಿದ್ರಿ ಅದಕ್ಕೆ.

ಕರಿಕೋಟು ಸಾರ್ ಹೇಳಿದ ಹಾಗೆ ಮೊದ್ಲು ಕಾಗದ ತಗೊಂಡು ಸ್ಟೇಷನ್ನಿಗೆ ಹೋದೆ. ಎಂಟು ತಿಂಗ್ಳು ಏನ್ ಮಾಡ್ತಿದ್ರಿ ಅಂತ ಒಂದು ಕೇಳಿದ್ರು, ಎಲ್ಲಿಟ್ಟಿದಾರೆ ಅಂತ ಗೊತ್ತಿರ್ಲಿಲ್ಲ ಅಂದೆ, ಅವ್ರ ತಾತನೂ ಹಾಗೇ ಅಂದ್ರು ಆ ಸಬ್ ಇನ್ಸ್‌ಪೆಕ್ಟರ್, ಅರ್ಜಿ ಮೇಲೆ ಸೀಲ್ ಬಿತ್ತು. ಅಂಗಡೀಲೇ ಡೆಪಾಸಿಟ್ ಮಾಡಿ, ರಸೀದಿ ನಮಗೊಂದು ಕೊಡಿ ಅಂದು ಒಬ್ಬ ಪೇದೇನ ಜೊತೆ ಮಾಡಿದ್ರು. ಅಪ್ಪ ಬರಲ್ಲ ಅಂದೋರು ಕೊನೇ ನಿಮಿಷದಲ್ಲಿ ಚಪ್ಪಲಿ ಹಾಕ್ಕೊಂಡ್ರು.

ಅಂಗಡೀಲಿ ಎಪ್ಪತ್ತು ದಾಟಿದ ಒಬ್ರು ಯಜಮಾನ್ರು. ಡಬ್ಬಿ ನೋಡಿದ ತಕ್ಷಣ ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿದ್ರು, ಒಳಗೆ ಮರಳು ತುಂಬಿದ ಒಂದು ಬಕೆಟ್ ಇತ್ತು, ಪಿಸ್ತೂಲು ಬಾಯಿ ಅದ್ರ ಕಡೆ ಮಾಡಿ, ಕನ್ನಡಕ ಮೇಲೆತ್ತಿ, ಸ್ಲೈಡ್ ಎಳೆಯೋಕೆ ನೋಡಿದ್ರು, ಬರ್ಲಿಲ್ಲ. ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದ್ರು. ಎರಡನೇ ಸಲ ಕಿರ್ ಅಂತ ಬಂತು, ಹಸಿರು ಬಣ್ಣದ್ದೊಂದು ಕಡ್ಲೆಕಾಯಿ ಥರ ಹಾರಿ ಹಾಸಿದ್ದ ಪೇಪರ್ ಮೇಲೆ ಬಿತ್ತು. ಆರನೇದು. ಅದನ್ನ ಎರಡು ಬೆರಳಲ್ಲಿ ಎತ್ತಿ ಕೌಂಟರ್ ಮೇಲೆ ನಿಲ್ಲಿಸಿದ್ರು, ಬಾಕಿ ಐದನ್ನ ಪಕ್ಕದಲ್ಲಿ ಸಾಲಾಗಿಟ್ಟು, ರಿಜಿಸ್ಟರಲ್ಲಿ ಬರೆದ್ರು, ಆರು. ಇ ಎಲ್ ಜಿ ಮುದ್ರೆ ಇದೆ ಸುಬ್ಬಣ್ಣ ಸಾರ್, ಲೆನ್ಸ್ ಹಾಕಿ ತೋರ್ಸಿದ್ರು, ಅಸಲಿ.

ಅಪ್ಪ ಒಂದು ಮಾತೂ ಆಡ್ಲಿಲ್ಲ. ಹೊರಗೆ ಬಂದು ಎಳನೀರು ಕುಡಿಯೋಣ ಅಂದ್ರು. ಅರ್ಧ ಕುಡ್ದು ಹೇಳಿದ್ರು, ನಾಲ್ಕನೇ ಕ್ಲಾಸಲ್ಲಿದ್ದಾಗ ಎಸ್ಟೇಟ್ ಲೈನ್ ಮನೆ ಹಿಂದೆ ಒಂದಿಡೀ ಮಧ್ಯಾಹ್ನ ನಾನೂ ನಿಮ್ ದೊಡ್ಡಪ್ಪನೂ ಅದನ್ನ ಇಟ್ಕೊಂಡು ಕಳ್ಳ ಪೊಲೀಸ್ ಆಡಿದೀವಿ, ಟ್ರಿಗರ್ ಎಳೆದಿದೀವಿ, ಗಟ್ಟಿ ಇತ್ತು, ಬರ್ಲಿಲ್ಲ. ತಾತಂಗೆ ಗೊತ್ತಾಗಿ ಬೆಲ್ಟ್ ಕಿತ್ತೋಗೋ ಹಾಗೆ ಹೊಡೆದ್ರಂತೆ. ಅವತ್ತಿಂದಾನೇ ಅದು ಯಾರಿಗೂ ಕಾಣದ ಹಾಗೆ ಇಟ್ಟಿದ್ದು.

ರಸೀದಿ ಪರ್ಸಲ್ಲಿದೆ. ನಾಡಕಚೇರಿಲಿ ವಂಶವೃಕ್ಷಕ್ಕೆ ಹಾಕಿದೀನಿ. ಅತ್ತೆಗೆ ಮೂರ್ ಸಲ ಫೋನ್ ಮಾಡ್ದೆ ಎತ್ತಿಲ್ಲ, ಇವತ್ತು ಅಪ್ಪಾನೇ ಮಾಡ್ತೀನಿ ಅಂದಿದಾರೆ.